ಧೂಪದ ಬೀಜದ ಕೊಬ್ಬು, ಮುರುಗಲ ತುಪ್ಪ: ಸೋಪಿಗೆ ಯಾವುದು, ಮೇಣದಬತ್ತಿಗೆ ಯಾವುದು?

ಕಾಡಂಚಿನಮನೆ (ಪ್ರಶ್ನೆ)

ಒಣಗಿಸಿದ ಧೂಪದ ಬೀಜ ಸುಮಾರು 6 ಕೆಜಿ ಇದೆ. ಸಾಲುಧೂಪ ಅಂತೀವಲ್ಲ, ರಾಳ ಬರುವ ಮರ, ಅದರದ್ದೇ. ಜೊತೆಗೆ ಮುರುಗಲ (ಪುನರ್ಪುಳಿ) ಬೀಜ, ಚಿಪ್ಪು ಒಡೆದು ತೆಗೆದ ತಿರುಳು 2 ಕೆಜಿ. ಎರಡರಿಂದಲೂ ಮೈಗೆ ಹಚ್ಚುವ ಸೋಪು ಮತ್ತು ಮನೆ ಬಳಕೆಗೆ ಮೇಣದಬತ್ತಿ ಮಾಡಬೇಕು ಅಂತ ಯೋಚನೆ.

ಕೇಳಬೇಕಾದ್ದು ಇಷ್ಟು. ಕೊಬ್ಬು ತೆಗೆಯೋಕೆ ನೀರಲ್ಲಿ ಕುದಿಸೋದು ಸಾಕಾ, ಗಾಣಕ್ಕೆ ಕೊಡಬೇಕಾ? ಒಂದು ಹಿಡಿ ಧೂಪದ ಪುಡಿಯನ್ನು ಕುದಿಸಿ ನೋಡಿದಾಗ ಮೇಲೆ ಬಂದದ್ದು ಹಸಿರು ಮಿಶ್ರಿತ ಕಂದು, ಸ್ವಲ್ಪ ಒಗರು ವಾಸನೆ. ಅದು ಹೋಗುತ್ತಾ? ಸೋಪಿಗೆ ಕಾಸ್ಟಿಕ್ ಸೋಡಾ ಎಷ್ಟು ಹಾಕಬೇಕು, ಈ ಕೊಬ್ಬುಗಳ ಲೆಕ್ಕ ಮಾಮೂಲಿ ಸೋಪು ಚಾರ್ಟ್‌ಗಳಲ್ಲಿ ಸರಿಯಾಗಿ ಸಿಗ್ತಿಲ್ಲ. ಇನ್ನು ಬತ್ತಿ: ಇದೇ ಕೊಬ್ಬನ್ನು ಅಚ್ಚಿಗೆ ಸುರಿದರೆ ನಿಲ್ಲುತ್ತಾ, ಬೇರೆ ಮೇಣ ಸೇರಿಸಲೇಬೇಕಾ? ಎಲೆ ಮೇಲಿನ ಮೇಣ, ಕಾರ್ನಾಬಾ ಥರದ್ದು, ಸೋಪಿಗೆ ಹಾಕಬಹುದಾ ಅನ್ನೋದೂ ಗೊತ್ತಾದರೆ ಒಳ್ಳೇದು.

---

ಗಾಣಬಾಣಲೆ

ಮೊದಲು ಕೊಬ್ಬು ತೆಗೆಯೋದರ ಬಗ್ಗೆ. ಇಲ್ಲಿ ಕೆಟ್ಟರೆ ಮುಂದೆ ಸೋಪೂ ಸರಿಯಾಗಲ್ಲ, ಬತ್ತಿಯೂ ಸರಿಯಾಗಲ್ಲ.

ಧೂಪದ ತಿರುಳಲ್ಲಿ ಕೊಬ್ಬು ನೂರಕ್ಕೆ 20ರ ಆಸುಪಾಸು. ಮುರುಗಲ ತಿರುಳಲ್ಲಿ 40ರ ಮೇಲೆ. ಹಾಗಾಗಿ 6 ಕೆಜಿ ಧೂಪದಲ್ಲಿ ಒಂದು ಕೆಜಿ ಮೀರಿ ಇರೋದೇನೋ ನಿಜ, ಆದರೆ ಕುದಿಸುವ ವಿಧಾನದಲ್ಲಿ ದೊಡ್ಡ ಪಾಲು ಹಿಂಡಿಯಲ್ಲೇ ಉಳಿಯುತ್ತೆ. 600 ಗ್ರಾಂ ಕೈಗೆ ಬಂದರೆ ಚೆನ್ನಾಗಿ ಮಾಡಿದಿರಿ ಅಂತ ಲೆಕ್ಕ. ಮುರುಗಲದ್ದು ಹಾಗಲ್ಲ, ಕುದಿಸಿದರೂ ಧಾರಾಳವಾಗಿ ಬಿಡುತ್ತೆ.

ಧೂಪದ ಕಾಯಿ ಮಳೆಗಾಲದ ಬಾಯಲ್ಲಿ ಉದುರುತ್ತೆ, ಬಿದ್ದ ಕೆಲವೇ ದಿನಕ್ಕೆ ಮೊಳಕೆ ಒಡೆಯುತ್ತೆ. ಮೊಳಕೆ ಬಂದ ಬೀಜದಲ್ಲಿ ಕೊಬ್ಬು ಒಡೆಯೋಕೆ ಶುರುವಾಗಿರುತ್ತೆ, ಅಂಥದ್ದನ್ನು ಆರಿಸಿ ಪಕ್ಕಕ್ಕಿಡಿ. ತೇವದಲ್ಲಿ ಬಿದ್ದಿದ್ದ ಬೀಜಕ್ಕೂ ಅದೇ ಗತಿ: ಬೀಜದೊಳಗಿನ ಕಿಣ್ವ ಕೊಬ್ಬನ್ನು ಒಡೆದು ಹುಳಿ ಏರಿಸುತ್ತೆ. ಮುಂದಿನ ಸಲ ತಂದ ದಿನವೇ ಸಿಪ್ಪೆ ತೆಗೆದು, ಸೀಳಿ, ಹಬೆಯಲ್ಲಿ 15 ನಿಮಿಷ ಬೇಯಿಸಿ, ಆಮೇಲೆ ಒಣಗಿಸಿ. ಬಿಸಿಗೆ ಕಿಣ್ವ ಸಾಯುತ್ತೆ. ಮಳೆ ಬಿಡದಿದ್ದರೆ ಅಟ್ಟದ ಮೇಲೆ, ಒಲೆಯ ಕಾವಲ್ಲಿ. ಉಗುರಲ್ಲಿ ಒತ್ತಿದರೆ ಗುರುತು ಬೀಳಬಾರದು, ಮುರಿದರೆ ಟಕ್ ಅನ್ನಬೇಕು.

ಕುದಿಸೋ ಕ್ರಮ: ತಿರುಳನ್ನು ರವೆಯ ಹದಕ್ಕೆ ಪುಡಿ ಮಾಡಿ. ತೀರಾ ನುಣ್ಣಗೆ ಮಾಡಿದರೆ ಗಂಜಿಯ ಹಾಗೆ ಅಂಟಾಗಿ ಕೊಬ್ಬನ್ನು ಬಿಡೋದೇ ಇಲ್ಲ. 1 ಕೆಜಿ ಪುಡಿಗೆ 5 ಲೀಟರ್ ನೀರು, ಒಂದು ಹಿಡಿ ಕಲ್ಲುಪ್ಪು. ಒಂದು ಕುದಿ ಬಂದ ಮೇಲೆ ಉರಿ ಇಳಿಸಿ, ಗುಳ್ಳೆ ಮೆಲ್ಲಗೆ ಏಳುವ ಹಾಗೆ ಎರಡೂವರೆ ಮೂರು ಗಂಟೆ. ರಭಸವಾಗಿ ಕುದಿಸಿದರೆ ಕೊಬ್ಬೂ ನೀರೂ ಕಲೆತು ಮಜ್ಜಿಗೆ ಆಗುತ್ತೆ, ಬೇರ್ಪಡೋಕೆ ಮಾರನೇ ದಿನವೂ ಸಾಲಲ್ಲ. ಒಲೆಯಿಂದ ಇಳಿಸಿ ಬಿಸಿಯಲ್ಲೇ ದಪ್ಪ ಬಟ್ಟೆಯಲ್ಲಿ ಸೋಸಿ, ಚರಟವನ್ನು ಮರದ ಹಲಗೆಯಡಿ ಇಟ್ಟು ಭಾರ ಹೇರಿ ಹಿಂಡಿ. ರಾತ್ರಿ ಅಲ್ಲಾಡಿಸದೆ ಬಿಟ್ಟರೆ ಬೆಳಿಗ್ಗೆ ಮೇಲೆ ಬಿಲ್ಲೆ ಕಟ್ಟಿರುತ್ತೆ.

ಬಾಣಲೆ ಕಬ್ಬಿಣದ್ದು ಬೇಡವೇ ಬೇಡ. ಧೂಪದ ತಿರುಳಲ್ಲಿ ಒಗರು (ಟ್ಯಾನಿನ್) ಬಹಳ, ಕಬ್ಬಿಣ ತಾಗಿದರೆ ಶಾಯಿಯ ಹಾಗೆ ನೀಲಿಗಪ್ಪು ಬಣ್ಣ ಹಿಡಿಯುತ್ತೆ, ಆಮೇಲೆ ಏನು ಮಾಡಿದರೂ ಪೂರ್ತಿ ಬಿಡಲ್ಲ. ಸ್ಟೀಲು ಅಥವಾ ಮಣ್ಣಿನ ಪಾತ್ರೆ.

ನಿಮ್ಮ ಕಂದು ಬಣ್ಣ, ಒಗರು ವಾಸನೆಗೆ: ಬಿಲ್ಲೆಯ ತಳದಲ್ಲಿ ಅಂಟಿದ ಕಂದು ಪದರವನ್ನು ಚಾಕುವಿನಲ್ಲಿ ಕೆರೆದು ಎಸೆಯಿರಿ. ಉಳಿದದ್ದನ್ನು ಅಷ್ಟೇ ತೂಕದ ಶುದ್ಧ ನೀರು, ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಮತ್ತೆ ಕರಗಿಸಿ, ಹತ್ತು ನಿಮಿಷ ಮೆಲ್ಲಗೆ ತಿರುವಿ, ಆರಲು ಬಿಡಿ. ಕೆಳಗಿನ ನೀರು ಚಹಾದ ಬಣ್ಣ ಬಿಡೋದು ನಿಲ್ಲುವವರೆಗೆ ಇದನ್ನೇ ಮಾಡಬೇಕು, ಸಾಮಾನ್ಯವಾಗಿ ಮೂರು ಸುತ್ತು. ಕೊನೆಯ ಸುತ್ತಿಗೆ ಉಪ್ಪು ಬೇಡ. ಹಸಿರು ಛಾಯೆ ಉಳಿದರೆ ಚಿಂತೆ ಬೇಡ, ಧೂಪದ ಕೊಬ್ಬು ಹೊಸದರಲ್ಲಿ ಹಸಿರು ಹಳದಿಯೇ. ತೆಳುವಾಗಿ ತಟ್ಟೆಗೆ ಹರಡಿ ಬೆಳಕಿಗಿಟ್ಟರೆ ಬಿಳಿಚಿಕೊಳ್ಳುತ್ತೆ. ಸೋಪಿಗಂತೂ ಆ ಬಣ್ಣ ಅಡ್ಡಿಯೇ ಅಲ್ಲ.

ಕಡೆಯ ಹಂತವನ್ನು ಜನ ಬಿಟ್ಟುಬಿಡೋದು ಜಾಸ್ತಿ: ನೀರು ಒಣಗಿಸೋದು. ಕೊಬ್ಬನ್ನು ಅಗಲ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟು 105-110 ಡಿಗ್ರಿವರೆಗೆ ಏರಿಸಿ. ಬೆಣ್ಣೆ ಕಾಯಿಸುವಾಗಿನ ಹಾಗೆ ಚಟಪಟ ಸದ್ದು ಬರುತ್ತೆ, ಅದು ನಿಂತು ಗುಳ್ಳೆ ಏಳದೆ ಆದ ಮೇಲೆ ಇಳಿಸಿ, ಬಿಸಿಯಲ್ಲೇ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ನೀರಿನ ಪಸೆ ಉಳಿದ ಕೊಬ್ಬು ಡಬ್ಬಿಯಲ್ಲಿ ಕಮಟು ಹಿಡಿಯುತ್ತೆ, ಬತ್ತಿ ಮಾಡಿದರೆ ಸಿಡಿಯುತ್ತೆ.

ಗಾಣದ ವಿಷಯ: 6 ಕೆಜಿಗೆ ಮೋಟಾರು ಗಾಣ ಹಾಕಿಸಬೇಡಿ. ಧೂಪದಲ್ಲಿ ಕೊಬ್ಬು ಕಮ್ಮಿ, ಅದೂ 36-38 ಡಿಗ್ರಿಗೆ ಗಟ್ಟಿಯಾಗುವಂಥದ್ದು. ಯಂತ್ರ ಬಿಸಿಯಾಗುವ ಮುಂಚೆಯೇ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತೆ, ನಿಮ್ಮ ಬೀಜದ ಅರ್ಧ ಒಳಗೇ ಉಳಿಯುತ್ತೆ. ಕ್ವಿಂಟಾಲ್ ಲೆಕ್ಕದಲ್ಲಿದ್ದರೆ ಬೇರೆ ಮಾತು.

---

ಸೋಪುಕಟ್ಟೆ

ಮೇಲಿನವರು ಬರೆದದ್ದಕ್ಕೆ ಸೇರಿಸಬೇಕಾದ್ದು ಹೆಚ್ಚಿಲ್ಲ, ಸೋಪಿಗೇ ಬರ್ತೀನಿ.

ಧೂಪ, ಮುರುಗಲ ಎರಡರಲ್ಲೂ ಸ್ಟಿಯರಿಕ್ ಆಮ್ಲ (ಕೊಬ್ಬನ್ನು ಗಟ್ಟಿಯಾಗಿಸುವ ಕೊಬ್ಬಿನಾಮ್ಲ) ಬಹಳ. ಧೂಪದಲ್ಲಿ ನೂರಕ್ಕೆ 40ರ ಮೇಲೆ, ಮುರುಗಲದಲ್ಲಿ 50 ದಾಟಿರುತ್ತೆ. ಉಳಿದದ್ದು ಬಹುಪಾಲು ಒಲೀಕ್, ಅಂದರೆ ದ್ರವವಾಗಿರುವ ಕೊಬ್ಬಿನಾಮ್ಲ. ಇದರ ಅರ್ಥ ಏನಪ್ಪಾ ಅಂದರೆ ಸೋಪು ಕಲ್ಲಿನ ಹಾಗೆ ಗಟ್ಟಿ, ಬಚ್ಚಲಲ್ಲಿ ಕರಗಿ ಹೋಗಲ್ಲ, ಆದರೆ ನೊರೆ ಬರಲ್ಲ. ಬರೀ ಧೂಪದಲ್ಲಿ ಮಾಡಿದರೆ ಉಜ್ಜಿ ಉಜ್ಜಿ ಸಾಕಾಗುತ್ತೆ, ಕತ್ತರಿಸುವಾಗ ಚೂರಾಗುತ್ತೆ. ನೊರೆಗೆ ತೆಂಗಿನೆಣ್ಣೆ ಬೇಕು, ಆ ನೊರೆ ನಿಲ್ಲೋಕೆ ಸ್ವಲ್ಪ ಹರಳೆಣ್ಣೆ, ಗಡಸು ಮುರಿಯೋಕೆ ದ್ರವ ಎಣ್ಣೆ ಯಾವುದಾದರೂ.

ಕಾಸ್ಟಿಕ್ ಸೋಡಾ ಲೆಕ್ಕ (ಮುಂದೆ ಬರೀ ಸೋಡಾ ಅಂದರೂ ಇದೇ), ಪ್ರತಿ ಗ್ರಾಂ ಕೊಬ್ಬಿಗೆ ಎಷ್ಟು ಗ್ರಾಂ ಅಂತ: ಧೂಪ 0.135, ಮುರುಗಲ 0.135, ತೆಂಗು 0.183, ಶೇಂಗಾ 0.136, ಹರಳು 0.128.

ಒಟ್ಟು 1 ಕೆಜಿ ಕೊಬ್ಬಿನ ಒಂದು ಪಾಕ:

ಧೂಪದ ಕೊಬ್ಬು 300 ಗ್ರಾಂ
ಮುರುಗಲ ತುಪ್ಪ 100 ಗ್ರಾಂ
ತೆಂಗಿನೆಣ್ಣೆ 300 ಗ್ರಾಂ
ಶೇಂಗಾ ಎಣ್ಣೆ 250 ಗ್ರಾಂ
ಹರಳೆಣ್ಣೆ 50 ಗ್ರಾಂ
ಕಾಸ್ಟಿಕ್ ಸೋಡಾ 142 ಗ್ರಾಂ
ನೀರು 310 ಗ್ರಾಂ

ಪೂರ್ತಿ ಲೆಕ್ಕಕ್ಕೆ ಬರೋದು 149 ಗ್ರಾಂ ಸೋಡಾ. ನೂರಕ್ಕೆ 5 ಕಳೆದು 142, ಅಂದರೆ ಅಷ್ಟು ಕೊಬ್ಬು ಸೋಪಾಗದೆ ಚರ್ಮಕ್ಕೆ ಉಳಿಯುತ್ತೆ. ಪ್ಯಾಕೆಟ್ ಮೇಲೆ ಶುದ್ಧತೆ 98 ಅಂತ ಇದ್ದರೆ 142ನ್ನು 0.98ರಿಂದ ಭಾಗಿಸಿ 145 ಹಾಕಿ. ಗಾಳಿಗೆ ತೆರೆದಿಟ್ಟು ಒದ್ದೆಯಾಗಿ ಅಂಟಿಕೊಂಡ ಸೋಡಾ ಬೇಡ, ಅದರಲ್ಲಿ ನೀರೆಷ್ಟು ಸೋಡಾ ಎಷ್ಟು ಅಂತ ಯಾರೂ ಹೇಳೋಕಾಗಲ್ಲ. ಎಲ್ಲವನ್ನೂ, ನೀರನ್ನೂ ಸೇರಿ, ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲೇ ತೂಗಬೇಕು. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯಲ್ಲ.

ನೀರಿಗೆ ಸೋಡಾ ಹಾಕೋದು, ಸೋಡಾಕ್ಕೆ ನೀರಲ್ಲ. ಹಾಕಿದ ಕೂಡಲೇ 80 ಡಿಗ್ರಿ ದಾಟುತ್ತೆ, ಹೊಗೆ ಮೂಗಿಗೆ ಹೊಡೆಯುತ್ತೆ, ಅದಕ್ಕೇ ಹೊರಗೆ ಜಗುಲಿಯಲ್ಲಿ ಮಾಡಿ. ಕಣ್ಣಿಗೆ ಗಾಗಲ್, ಕೈಗೆ ಉದ್ದ ರಬ್ಬರ್ ಗ್ಲೌಸ್. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತೆ, ಜೊತೆಗೆ ಬೆಂಕಿ ಹತ್ತುವ ಹೈಡ್ರೋಜನ್ ಬಿಡುತ್ತೆ. ಸ್ಟೀಲು ಅಥವಾ ದಪ್ಪ ಪಾಲಿಪ್ರೊಪಿಲೀನ್ ಡಬ್ಬಿ. ಮೈಮೇಲೆ ಬಿದ್ದರೆ ವಿನೆಗರ್ ಹಚ್ಚಬೇಡಿ, ನಲ್ಲಿ ನೀರಡಿ 15-20 ನಿಮಿಷ ಹಿಡಿಯಿರಿ.

ಈ ಕೊಬ್ಬುಗಳಿಗೆ ಮುಖ್ಯವಾದ್ದು ಉಷ್ಣಾಂಶ. ಬೇರೆ ಎಣ್ಣೆಯ ಸೋಪನ್ನು 35-38 ಡಿಗ್ರಿಯಲ್ಲಿ ಕಲಸುವವರು ಇಲ್ಲೂ ಹಾಗೇ ಮಾಡ್ತಾರೆ, ಕೆಡುತ್ತೆ. ಅಷ್ಟು ತಣ್ಣಗಿದ್ದರೆ ಧೂಪ, ಮುರುಗಲ ತಾನೇ ಹೆಪ್ಪುಗಟ್ಟಿ ಮಿಶ್ರಣ ದಪ್ಪಗಾಗುತ್ತೆ. ನೋಡೋಕೆ ಟ್ರೇಸ್ (ಕೊಬ್ಬೂ ಸೋಡಾ ನೀರೂ ಬೆರೆತು ದಪ್ಪಗಾಗುವ ಹಂತ) ಬಂದ ಹಾಗೇ ಕಾಣುತ್ತೆ, ನಿಜವಾಗಿ ಸೋಡಾ ಇನ್ನೂ ಸೇರಿರಲ್ಲ. ಅಚ್ಚಿಗೆ ಸುರಿದ ಮೇಲೆ ಅಡಿಯಲ್ಲಿ ಸೋಡಾ ನೀರು ನಿಲ್ಲುತ್ತೆ, ಇಲ್ಲಾ ಬಿಳಿ ಕಾಳು ಕಾಳಾಗುತ್ತೆ. ಕೊಬ್ಬು 52ರ ಹತ್ತಿರ, ಸೋಡಾ ನೀರು 45-50. ಅನುಮಾನ ಬಂದರೆ ಪಾತ್ರೆಯನ್ನು ಬಿಸಿನೀರಲ್ಲಿ ಇಳಿಸಿ ನೋಡಿ: ಸುಳ್ಳು ಟ್ರೇಸ್ ಆಗಿದ್ದರೆ ಮತ್ತೆ ತೆಳ್ಳಗಾಗುತ್ತೆ, ನಿಜವಾದದ್ದು ಆಗಲ್ಲ.

ಹ್ಯಾಂಡ್ ಬ್ಲೆಂಡರ್ ಎರಡು ಮೂರು ಸೆಕೆಂಡ್ ಓಡಿಸಿ, ನಿಲ್ಲಿಸಿ, ಅದರಿಂದಲೇ ತಿರುವಿ. ದೋಸೆ ಹಿಟ್ಟಿನ ಹದಕ್ಕಿಂತ ಕೊಂಚ ತೆಳ್ಳಗಿರುವಾಗಲೇ ಸುರಿಯೋದು ಒಳ್ಳೇದು, ಇದು ಬೇಗ ಬಿಗಿಯುತ್ತೆ. ಒಂದು ದಿನ ಪೂರ್ತಿ ಕಾಯಬೇಡಿ, 12 ಗಂಟೆಗೆ ಮುಟ್ಟಿ ನೋಡಿ. ಗಟ್ಟಿ ಚೀಸಿನ ಹಾಗಿರುವಾಗ ತಂತಿಯಲ್ಲಿ ಕತ್ತರಿಸಿಬಿಡಿ, ತಡವಾದರೆ ಅಂಚು ಒಡೆಯುತ್ತೆ. ಆಮೇಲೆ ಗಾಳಿಯಾಡುವ ಕಡೆ 4-6 ವಾರ.

ಮಳೆಗಾಲದಲ್ಲಿ ಸೋಪಿನ ಮೇಲೆ ಬೆವರಿನ ಹನಿ ಕಟ್ಟುತ್ತೆ. ಅದು ಕೆಟ್ಟದ್ದಲ್ಲ, ಒಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆಯುತ್ತೆ, ಅಷ್ಟೇ. ಕಿತ್ತಳೆ ಚುಕ್ಕೆ ಬಂದರೆ ಮಾತ್ರ ಅದು ಕಮಟು. ಕಬ್ಬಿಣದ ಅಂಶ ಸೇರಿದ ಕೊಬ್ಬಿಗೆ ಬೇಗ ಬರುತ್ತೆ, ಸೂರ್ಯಕಾಂತಿಯಂಥ ತೆಳು ಎಣ್ಣೆ ಜಾಸ್ತಿ ಇದ್ದರೂ ಬರುತ್ತೆ. ತಡೆಯೋಕೆ 10 ಗ್ರಾಂ ಸಿಟ್ರಿಕ್ ಆಸಿಡ್ (ನಿಂಬೆ ಉಪ್ಪು) ನೀರಿಗೆ ಹಾಕಿ, ಅದಕ್ಕೆ ಸರಿದೂಗಿಸಲು ಸೋಡಾ 6 ಗ್ರಾಂ ಹೆಚ್ಚಿಸಿ. ಬೋರ್‌ವೆಲ್ ಗಡಸು ನೀರಲ್ಲಿ ಸ್ನಾನ ಮಾಡುವವರಿಗೆ ಇದರಿಂದ ಕೊಳೆ ಪದರವೂ ಕಮ್ಮಿ ಕೂರುತ್ತೆ.

ಒಂದು ಮಾತು: ಬೀಜ ಮಳೆಗೆ ನೆನೆದಿದ್ದರೆ ಕೊಬ್ಬು ಹುಳಿಯಾಗಿರುತ್ತೆ, ಆಗ ಸೋಡಾ ಸ್ವಲ್ಪ ಜಾಸ್ತಿ ಬೇಕಾಗಬಹುದು.

---

ಬತ್ತಿಬೆಳಕು

ಮೇಣದಬತ್ತಿಗೆ ಬಂದರೆ, ಕರಗುವ ಉಷ್ಣಾಂಶ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಧೂಪ 36-38, ಮುರುಗಲ 40ರ ಹತ್ತಿರ. ಅಂಗಡಿ ಬತ್ತಿಯ ಪ್ಯಾರಾಫಿನ್ 55-60, ಜೇನುಮೇಣ 62-64, ಕಾರ್ನಾಬಾ 82-86. ಹಾಗಾಗಿ ಧೂಪದ ಕೊಬ್ಬನ್ನಷ್ಟೇ ಕೋಲಿನಾಕಾರದ ಅಚ್ಚಿಗೆ ಸುರಿದರೆ ಬತ್ತಿಯೇನೋ ಆಗುತ್ತೆ, ಬೇಸಿಗೆ ಮಧ್ಯಾಹ್ನ ಬಾಗಿ ಮಲಗುತ್ತೆ. ಹಚ್ಚಿದರಂತೂ ಜ್ವಾಲೆಯ ಕಾವಿಗೇ ಪಕ್ಕ ಕರಗಿ ಸುರಿದು ಹೋಗುತ್ತೆ. ಗಾಜಿನ ಲೋಟ, ಮಣ್ಣಿನ ಹಣತೆ, ಸ್ಟೀಲ್ ಬಟ್ಟಲು, ಇಂಥ ಗೋಡೆ ಇರುವ ಪಾತ್ರೆಯಲ್ಲಿ ಮಾಡಿ.

ಲೋಟದ ಬತ್ತಿಗೆ ಧೂಪ 80, ಜೇನುಮೇಣ 20. ತಾನೇ ನಿಲ್ಲುವ ಬತ್ತಿ ಬೇಕೇ ಬೇಕು ಅಂದರೆ ಜೇನುಮೇಣ ಅರ್ಧಕ್ಕಿಂತ ಜಾಸ್ತಿ ಹಾಕಬೇಕು, ಆಗ ಅದು ಧೂಪದ ಬತ್ತಿ ಅನ್ನೋದಕ್ಕಿಂತ ಜೇನುಮೇಣದ್ದೇ. ಕಾರ್ನಾಬಾ 3-5 ಪಾಲು ಸೇರಿಸಿದರೆ ಮೇಲ್ಮೈ ಗಟ್ಟಿ, ಹೊಳಪು, ಆದರೆ ಹೆಚ್ಚಾದರೆ ಬತ್ತಿಗೆ ಮೇಣ ಏರಲ್ಲ, ಜ್ವಾಲೆ ಕುಗ್ಗಿ ಮುಳುಗುತ್ತೆ.

ಮುರುಗಲ ತುಪ್ಪವನ್ನು ಉರಿಸಬೇಡಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಒಡೆದ ಹಿಮ್ಮಡಿಗೆ, ತುಟಿಗೆ ಅದಕ್ಕಿಂತ ಒಳ್ಳೇದಿಲ್ಲ, ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜಾಗಕ್ಕೂ ಅದೇ ಹೋಗುತ್ತೆ. ದೀಪಕ್ಕೆ ಧೂಪ ಸಾಕು.

ಬತ್ತಿಯ ನೂಲು: ಹೆಣೆದ ಹತ್ತಿ ಬತ್ತಿ ತಗೊಳ್ಳಿ, ಹೊಸೆದದ್ದು ನೆಟ್ಟಗೆ ನಿಂತು ತುದಿಯಲ್ಲಿ ಇದ್ದಿಲ ಕುಡಿ ಕಟ್ಟುತ್ತೆ. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಎರಡು ದೊಡ್ಡ ಚಮಚ ಬಿಳಿಗಾರ (ಬೊರಾಕ್ಸ್) ಕರಗಿಸಿ ಬತ್ತಿಯನ್ನು ರಾತ್ರಿಯಿಡೀ ನೆನೆಸಿ, ಎರಡು ದಿನ ಚೆನ್ನಾಗಿ ಒಣಗಿಸಿ. ಬಿಳಿಗಾರ ಬತ್ತಿಯ ಬೂದಿಯನ್ನು ಕರಗಿಸುತ್ತೆ, ಹೆಣಿಗೆ ಬತ್ತಿಯನ್ನು ಜ್ವಾಲೆಯ ಅಂಚಿಗೆ ಬಾಗಿಸುತ್ತೆ. ಎರಡೂ ಸೇರಿದರೆ ತುದಿ ತಾನೇ ಸವೆಯುತ್ತೆ. ಹಾಕುವ ಮುಂಚೆ ಬಿಸಿ ಮೇಣದಲ್ಲಿ ಅದ್ದಿ, ಗುಳ್ಳೆ ನಿಲ್ಲುವವರೆಗೆ ಬಿಟ್ಟು, ನೆಟ್ಟಗೆ ಎಳೆದು ಆರಿಸಿ.

ಗಾತ್ರ ಸರಿಯಿದೆಯಾ ಅಂತ ನೋಡೋದು ಉರಿಸಿಯೇ. 5 ಸೆಂ.ಮೀ. ಅಗಲದ ಲೋಟದಲ್ಲಿ ಎರಡು ಗಂಟೆಗೆ ಕರಗಿದ ಕೊಳ ಅಂಚು ಮುಟ್ಟಬೇಕು, ಆಳ ಒಂದು ಸೆಂ.ಮೀ. ಮೀರಬಾರದು. ಅಂಚು ಮುಟ್ಟದೆ ನಡುವೆ ಗುಂಡಿ ಬಿದ್ದರೆ ಬತ್ತಿ ಸಣ್ಣದು. ಹೊಗೆ ಬಂದು ಲೋಟ ಕಪ್ಪಾದರೆ ದಪ್ಪದ್ದು, ಇಲ್ಲಾ ತುದಿ ಉದ್ದ ಬಿಟ್ಟಿದ್ದೀರಿ. 5-6 ಮಿ.ಮೀ.ಗೆ ಕತ್ತರಿಸಿ. ಮೊದಲು ಚೆನ್ನಾಗಿ ಉರಿದು ಅರ್ಧ ಗಂಟೆಗೆ ಮಂಕಾಗುವುದು ಬೇರೆ ಕಾಯಿಲೆ: ಕೊಬ್ಬಿನಲ್ಲಿ ಉಳಿದ ಅಂಟು, ಒಗರು ಬತ್ತಿಯ ಎಳೆಗಳನ್ನು ಮುಚ್ಚಿರುತ್ತೆ. ಅದಕ್ಕೆ ಬತ್ತಿ ಬದಲಿಸಿ ಪ್ರಯೋಜನವಿಲ್ಲ, ಕೊಬ್ಬನ್ನೇ ಮತ್ತೊಮ್ಮೆ ತೊಳೆಯಬೇಕು. ಪರಿಮಳಕ್ಕೆ ಅಂತ ಅದೇ ಮರದ ರಾಳ ಹಾಕುವವರಿದ್ದಾರೆ. ಬೇಡ. ಕೆಂಡದ ಮೇಲೆ ಚೆಂದ, ಬತ್ತಿಯಲ್ಲಿ ಮಸಿ, ಎಳೆಯೂ ಕಟ್ಟುತ್ತೆ.

ಸುರಿಯುವಾಗ 45 ಡಿಗ್ರಿಗೆ ಇಳಿಸಿ, ತಿರುವುತ್ತಾ, ಅಂಚಲ್ಲಿ ಮಬ್ಬು ಕಾಣತೊಡಗಿದಾಗ ಸುರಿಯಿರಿ. ತೀರಾ ಬಿಸಿಯಲ್ಲಿ ಸುರಿದು ನಿಧಾನ ಆರಲು ಬಿಟ್ಟರೆ ಮೇಲೆ ಬಿಳಿ ಹೂವು, ಒಳಗೆ ರವೆ ರವೆ. ಉರಿಯೋಕೆ ತೊಂದರೆ ಇಲ್ಲ, ನೋಡೋಕೆ ಚೆನ್ನಾಗಿರಲ್ಲ.

---

ಕಾಡಂಚಿನಮನೆ

ಎಲ್ಲರಿಗೂ ನಮಸ್ಕಾರ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಎರಡು ಅನುಮಾನ ಉಳೀತು. ಹುಳಿಯಾದ ಕೊಬ್ಬಿಗೆ ಸೋಡಾ ಜಾಸ್ತಿ ಅಂದರೆ ಎಷ್ಟು ಜಾಸ್ತಿ? ಹುಳಿ ಎಷ್ಟಿದೆ ಅಂತ ಮನೆಯಲ್ಲಿ ಅಳೆಯೋಕಾಗುತ್ತಾ? ಇನ್ನೊಂದು, ಧೂಪದ ಕೊಬ್ಬಿನಿಂದಲೇ, ಜೇನುಮೇಣ ಇಲ್ಲದೆ, ನಿಲ್ಲುವ ಬತ್ತಿ ಮಾಡೋ ದಾರಿ ಏನೂ ಇಲ್ವಾ?

---

ರಸಾಯನಮೇಷ್ಟ್ರು

ಹುಳಿಗೆ ಸೋಡಾ ಹೆಚ್ಚಿಸಬೇಡಿ. ಸೋಪುಕಟ್ಟೆಯವರು ಹೇಳಿದ ಉಳಿದದ್ದೆಲ್ಲ ಸರಿ, ಇದೊಂದು ಸರಿಯಲ್ಲ. 0.135 ಅನ್ನೋ ಲೆಕ್ಕದಲ್ಲಿ ಒಟ್ಟು ಕೊಬ್ಬಿನಾಮ್ಲ ಎಲ್ಲವೂ ಬಂದಿರುತ್ತೆ, ಗ್ಲಿಸರಿನ್‌ಗೆ ಅಂಟಿರೋದೂ, ಬಿಡಿಯಾಗಿರೋದೂ. ಕೊಬ್ಬು ಒಡೆದರೆ ಅಂಟಿದ್ದದ್ದು ಬಿಡಿಯಾಗುತ್ತೆ, ಒಟ್ಟು ಮೊತ್ತ ಬದಲಾಗಲ್ಲ. ಬದಲಾಗೋದು ವೇಗ. ಬಿಡಿ ಆಮ್ಲ ಸೋಡಾ ತಾಗಿದ ಕ್ಷಣವೇ ಸೋಪಾಗುತ್ತೆ, ಮಿಶ್ರಣ ಪಾತ್ರೆಯಲ್ಲೇ ಉಪ್ಪಿಟ್ಟಿನ ಹಾಗೆ ಗಟ್ಟಿಯಾಗಿ ಕೂರುತ್ತೆ. ಅಂಥ ಕೊಬ್ಬಿಗೆ ತಣ್ಣನೆ ವಿಧಾನ (ಸೋಪುಕಟ್ಟೆಯವರ ಹಾಗೆ ಬೇಯಿಸದೆ ಕಲಸಿ ಸುರಿಯೋದು) ಬಿಟ್ಟು ಬಿಸಿ ವಿಧಾನ ಹಿಡಿಯಿರಿ: ಬಿಸಿನೀರ ಪಾತ್ರೆಯೊಳಗೆ ಇಟ್ಟು 80 ಡಿಗ್ರಿಯಲ್ಲಿ ಬೇಯಿಸಿ, ಪಾರದರ್ಶಕ ಗಂಜಿಯಂತಾದ ಮೇಲೆ ಅಚ್ಚಿಗೆ ಒತ್ತಿ ತುಂಬಿ. ಸೋಡಾ ಹೆಚ್ಚಿಸಿದರೆ ಆ ಹೆಚ್ಚಿನದ್ದು ಸೋಪಿನಲ್ಲೇ ಉಳಿದು ಚರ್ಮ ಸುಡುತ್ತೆ.

ಅಳೆಯೋದು ಕಷ್ಟವಿಲ್ಲ. 5 ಗ್ರಾಂ ಕೊಬ್ಬನ್ನು 50 ಮಿ.ಲೀ. ಬೆಚ್ಚಗಿನ ಸ್ಪಿರಿಟ್‌ನಲ್ಲಿ ಕಲಕಿ. ಸ್ಪಿರಿಟ್‌ಗೆ ಮೊದಲೇ ಫಿನಾಲ್ಫ್ತಲೀನ್ (ಸೋಡಾ ಇದ್ದರೆ ಗುಲಾಬಿಯಾಗುವ ಸೂಚಕ ದ್ರವ) ಎರಡು ಹನಿ ಹಾಕಿ, ಸೋಡಾ ದ್ರಾವಣದಿಂದ ತೆಳು ಗುಲಾಬಿಗೆ ತಂದಿರಬೇಕು. ಬೆಚ್ಚಗೆ ಮಾಡುವಾಗ ಬಿಸಿನೀರಿನ ಬಟ್ಟಲೇ ಸಾಕು, ಬೆಂಕಿ ಹತ್ತಿರ ಬೇಡ. 0.1 ನಾರ್ಮಲ್ ಸೋಡಾ ದ್ರಾವಣವನ್ನು (ಲೀಟರಿಗೆ 4 ಗ್ರಾಂ) ಸಿರಿಂಜಿನಿಂದ ಹನಿ ಹನಿ ಬಿಡಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ನಿಲ್ಲಿಸಿ. ಖರ್ಚಾದ ಮಿ.ಲೀ.ಯನ್ನು 0.564ರಿಂದ ಗುಣಿಸಿದರೆ ಬಿಡಿ ಆಮ್ಲ ನೂರಕ್ಕೆ ಎಷ್ಟು ಅಂತ ಬರುತ್ತೆ. 10 ಮಿ.ಲೀ. ಅಂದರೆ 5.6. ಮೂರರೊಳಗಿದ್ದರೆ ತಣ್ಣನೆ ವಿಧಾನಕ್ಕೆ ಧೈರ್ಯವಾಗಿ ಹೋಗಿ. ಹತ್ತು ದಾಟಿದ್ದರೆ ಸೋಪಿನ ಆಸೆ ಬಿಟ್ಟು ಕೆಳಗೆ ಹೇಳುವ ಬತ್ತಿಗೆ ಇಡಿ.

ಎಲೆಮೇಣದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಬ್ರೆಜಿಲ್‌ನ ತಾಳೆ ಜಾತಿಯ ಎಲೆಯಿಂದ ಬರುವ ಕಾರ್ನಾಬಾ, ಮೆಕ್ಸಿಕೋ ಮರುಭೂಮಿಯ ಕಳ್ಳಿಜಾತಿಯ ಕ್ಯಾಂಡೆಲಿಲ್ಲಾ, ಇವು ನಿಜಕ್ಕೂ ಮೇಣ: ಉದ್ದ ಸರಪಳಿಯ ಮದ್ಯಸಾರ (ಆಲ್ಕೋಹಾಲ್) ಮತ್ತು ಆಮ್ಲ ಸೇರಿ ಆದದ್ದು (ಕ್ಯಾಂಡೆಲಿಲ್ಲಾದಲ್ಲಿ ಸೋಪಾಗದ ಹೈಡ್ರೋಕಾರ್ಬನ್ನೇ ಹೆಚ್ಚು), ಗ್ಲಿಸರಿನ್ ಇಲ್ಲ. ಸೋಡಾ ಹಾಕಿದರೆ ಆಮ್ಲದ ಪಾಲು ಮಾತ್ರ ಸೋಪಾಗುತ್ತೆ, ಮದ್ಯಸಾರದ ಪಾಲು ಹಾಗೇ ಅಂಟಂಟಾಗಿ ಉಳಿಯುತ್ತೆ, ನೊರೆ ಕೊಲ್ಲುತ್ತೆ. ಜೇನುಮೇಣವೂ ಅಷ್ಟೇ, ಸೋಪಿಗೆ ಕೆಜಿಗೆ 10-20 ಗ್ರಾಂ ಮೀರಬೇಡಿ. ಅಮೆರಿಕದಲ್ಲಿ ಕಾಯಿಯನ್ನು ನೀರಲ್ಲಿ ಕುದಿಸಿ ತೆಗೆಯುವ ಬೇಬೆರಿ ಮೇಣಕ್ಕೆ ಮೇಣ ಅನ್ನೋ ಹೆಸರಿದ್ದರೂ ಅದು ಕೊಬ್ಬೇ, ಆದ್ದರಿಂದ ಸೋಪೂ ಆಗುತ್ತೆ ಬತ್ತಿಯೂ ಆಗುತ್ತೆ. ಧೂಪ ಆ ಸಾಲಿನದ್ದು.

ಈಗ ನಿಲ್ಲುವ ಬತ್ತಿ. ದಾರಿ ಇದೆ, ಹಳೆಯದೇ. 1825ರಲ್ಲಿ ಫ್ರಾನ್ಸಿನ ಶೆವ್ರೂಲ್ ಮತ್ತು ಗೇ-ಲುಸಾಕ್ ಪೇಟೆಂಟ್ ತೆಗೆದುಕೊಂಡ ಸ್ಟಿಯರಿಕ್ ಬತ್ತಿಯ ವಿಧಾನ: ಕೊಬ್ಬನ್ನು ಸೋಪು ಮಾಡಿ, ಸೋಪನ್ನು ಹುಳಿಯಿಂದ ಒಡೆದು, ಬಂದ ಆಮ್ಲವನ್ನು ಹಿಂಡಿ ದ್ರವ ಭಾಗ ತೆಗೆಯೋದು. ಧೂಪದಲ್ಲಿ ಸ್ಟಿಯರಿಕ್ ಇಷ್ಟು ಇರೋದರಿಂದ ಇದಕ್ಕೆ ಹೇಳಿ ಮಾಡಿಸಿದ್ದು.

500 ಗ್ರಾಂ ಧೂಪದ ಕೊಬ್ಬು, 72 ಗ್ರಾಂ ಸೋಡಾ (ಇಲ್ಲಿ ಕೊಬ್ಬು ಉಳಿಯಬಾರದು, ಅದಕ್ಕೇ ಕೊಂಚ ಹೆಚ್ಚು), 250 ಗ್ರಾಂ ನೀರು. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿ. ಚೂರನ್ನು ಬಿಸಿನೀರಿಗೆ ಹಾಕಿದರೆ ಎಣ್ಣೆ ತೇಲದೆ ಕರಗಬೇಕು. ಆಮೇಲೆ 2 ಲೀಟರ್ ಬಿಸಿನೀರು ಸೇರಿಸಿ ಪೂರ್ತಿ ಕರಗಿಸಿ. 250 ಗ್ರಾಂ ಸಿಟ್ರಿಕ್ ಆಸಿಡ್ಡನ್ನು ಅರ್ಧ ಲೀಟರ್ ಬಿಸಿನೀರಲ್ಲಿ ಕರಗಿಸಿ ಸಣ್ಣ ಧಾರೆಯಾಗಿ ಸುರಿಯುತ್ತಾ ತಿರುವಿ. ನೊರೆ ಏರುತ್ತೆ, ಪಾತ್ರೆ ಅರ್ಧವಾದರೂ ಖಾಲಿ ಇರಲಿ. ನನ್ನ ತೂಕಕ್ಕಿಂತ ಪಿಎಚ್ ಕಾಗದವನ್ನು ನಂಬಿ: 5ಕ್ಕಿಂತ ಕೆಳಗಿಳಿದಿರಬೇಕು. ಇಳಿಯದಿದ್ದರೆ ಇನ್ನಷ್ಟು ಆಸಿಡ್. ಮಧ್ಯದಲ್ಲಿ ನಿಲ್ಲಿಸಿದರೆ ಆಮ್ಲವೂ ಸೋಪೂ ಕಲೆತ ಮೊಸರು ಸಿಗುತ್ತೆ, ಅದು ಬತ್ತಿಯಲ್ಲಿ ಸಿಡಿಯುತ್ತೆ. ವಿನೆಗರ್ ಆದರೆ ಲೀಟರುಗಟ್ಟಲೆ ಬೇಕು. ಗಂಧಕಾಮ್ಲ ಅಗ್ಗ, ಆದರೆ ಮನೆಯಲ್ಲಿ ಬೇಡ.

ಕುದಿಯುವ ಹತ್ತಿರ ಇಟ್ಟಾಗ ಮೇಲೆ ತಿಳಿ ಎಣ್ಣೆ ಪದರ ನಿಲ್ಲುತ್ತೆ. ಅದೇ ಆಮ್ಲ. ಆರಿಸಿ ಬಿಲ್ಲೆ ತೆಗೆದು, ಶುದ್ಧ ನೀರಲ್ಲಿ ಎರಡು ಸಲ ಕರಗಿಸಿ ತೊಳೆಯಿರಿ. ಇದು 50 ಡಿಗ್ರಿ ದಾಟಿಯೇ ಗಟ್ಟಿಯಾಗುತ್ತೆ, ಮೂಲ ಕೊಬ್ಬಿಗಿಂತ ಎಷ್ಟೋ ಮೇಲು. ಇನ್ನೂ ಗಟ್ಟಿ ಬೇಕಾದರೆ ಬಿಲ್ಲೆಯನ್ನು ತುರಿದು, ದಪ್ಪ ಬಟ್ಟೆಯಲ್ಲಿ ಮಡಿಸಿ, ಬೆಚ್ಚಗಿನ ದಿನ ಎರಡು ಹಲಗೆ ನಡುವೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಕಂದು ಒಲೀಕ್ ಆಮ್ಲ ಬಟ್ಟೆಯಿಂದ ಜಿನುಗುತ್ತೆ, ಒಳಗೆ ಬಿಳಿ ಪುಡಿ ಉಳಿಯುತ್ತೆ. ತೂಕ ಅರ್ಧಕ್ಕೆ ಹತ್ತಿರ ಇಳಿಯುತ್ತೆ. ಜಿನುಗಿದ್ದನ್ನು ಬಟ್ಟೆಸೋಪಿಗೆ ಹಾಕಿ.

ಇದಕ್ಕೊಂದು ಉಪಲಾಭ: ಕೊಬ್ಬಿನ ದೀಪ ಆರಿಸಿದಾಗ ಕಣ್ಣುರಿಯುವ ಕಮಟು ಹೊಗೆ ಬರುತ್ತಲ್ಲ, ಅದು ಗ್ಲಿಸರಿನ್ ಸುಟ್ಟು ಆಗುವ ಅಕ್ರೋಲಿನ್. ಆಮ್ಲದ ಬತ್ತಿಯಲ್ಲಿ ಗ್ಲಿಸರಿನ್ ಇಲ್ಲ, ಆ ಹೊಗೆಯೂ ಇಲ್ಲ. ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾತ್ರ ಕರಗಿಸಬೇಡಿ, ಹಸಿರು ಹಿಡಿಯುತ್ತೆ.

---

ಸೋಪುಕಟ್ಟೆ

ಮೇಷ್ಟ್ರೇ, ಹುಳಿಯ ವಿಷಯ ಒಪ್ಪಿದೆ. ಆದರೆ ಕಾಡಂಚಿನಮನೆಯವರೇ, ಸಿಟ್ರಿಕ್ ಆಸಿಡ್ ಹಾಕಿದ ಪಾಕದಲ್ಲಿ 6 ಗ್ರಾಂ ಹೆಚ್ಚು ಸೋಡಾ ಬೇಕೇ ಬೇಕು, ಅದು ಬೇರೆ ಲೆಕ್ಕ. ಅದನ್ನೂ ಬಿಟ್ಟುಬಿಡಬೇಡಿ.

---

ಹಳುವಿನದಾರಿ

ಯಾರೂ ಹೇಳಲಿಲ್ಲ, ಹಾಗಾಗಿ ಚಿಕ್ಕದಾಗಿ. ಸಾಲುಧೂಪ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಕಾಡಲ್ಲಿ ಬೆಳೆಯಲ್ಲ. ಅದರ ಬೀಜವನ್ನು ಒಣಗಿಸಿಟ್ಟು ಮುಂದಿನ ವರ್ಷ ಬಿತ್ತೋಕೂ ಆಗಲ್ಲ, ಒಣಗಿದರೆ ಸತ್ತಿತು. ಒಂದು ಮರದಡಿ ಬಿದ್ದದ್ದನ್ನೆಲ್ಲ ಗುಡಿಸಬೇಡಿ. ಮೊಳಕೆ ಬಂದದ್ದು ಹೇಗೂ ಕೊಬ್ಬಿಗೆ ಪ್ರಯೋಜನವಿಲ್ಲ, ಅದನ್ನು ಅಲ್ಲೇ ನೆರಳಲ್ಲಿ ಮಣ್ಣಿಗೆ ಒತ್ತಿ ಬನ್ನಿ.

ಮರ ಸ್ವಂತ ತೋಟದ್ದಾದರೆ ಸರಿ. ಅರಣ್ಯದ್ದಾದರೆ ಬೀಜ ಕಿರು ಅರಣ್ಯ ಉತ್ಪನ್ನದ ಲೆಕ್ಕಕ್ಕೆ ಬರುತ್ತೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅರಣ್ಯವಾಸಿಗಳಿಗೆ ಅದನ್ನು ಸಂಗ್ರಹಿಸುವ ಹಕ್ಕಿದೆ, ಉಳಿದವರು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು.

---

ಕಾಡಂಚಿನಮನೆ

ಸರಿ, ಮೊದಲು ಹುಳಿ ಅಳೆದು ಆಮೇಲೆ ತೀರ್ಮಾನ. ಧೂಪದ ಹಿಂಡಿ ದನಕ್ಕೆ ಹಾಕಬಹುದಾ?

---

ಗಾಣಬಾಣಲೆ

ಬೇಡ. ಆ ಒಗರೆಲ್ಲ ಹಿಂಡಿಯಲ್ಲೇ ಉಳಿದಿರುತ್ತೆ, ಜೊತೆಗೆ ನೀವು ಉಪ್ಪು ಬೇರೆ ಹಾಕಿ ಕುದಿಸಿದ್ದೀರಿ. ಉಪ್ಪು ಹೋಗುವ ಹಾಗೆ ಒಮ್ಮೆ ನೀರಲ್ಲಿ ತೊಳೆದು ಗೊಬ್ಬರದ ಗುಂಡಿಗೆ ಹಾಕಿ, ಸಗಣಿ ಜೊತೆ ಪದರ ಪದರವಾಗಿ. ಅಥವಾ ಒಣಗಿಸಿಟ್ಟರೆ ಮುಂದಿನ ಬಾರಿ ಕುದಿಸುವಾಗ ಒಲೆಗೇ ಆಯಿತು, ಉಳಿದ ಕೊಬ್ಬಿನಿಂದ ಚೆನ್ನಾಗಿ ಉರಿಯುತ್ತೆ.